ಇಂಜೆಕ್ಷನ್ ಬಿಟ್ಟೆ, ಟೆಸ್ಟೋಸ್ಟೆರಾನ್ ಏರಿತು

ತೂಕ ಇಳಿಸಲು ಸ್ಲೀವ್, ಅಂದರೆ ಹೊಟ್ಟೆಯನ್ನು ಕತ್ತರಿಸಿ ಸಣ್ಣದು ಮಾಡುವ ಆಪರೇಷನ್, ಮಾಡಿಸಿಕೊಳ್ಳುತ್ತೇನೆ ಅಂದಾಗ ಗೆಳೆಯನೊಬ್ಬ, "ತೂಕ ಇಳಿಯಬಹುದು, ಹಾರ್ಮೋನ್ ಏರಲ್ಲ. ಇಂಜೆಕ್ಷನ್ನೇ ಗತಿ" ಅಂದಿದ್ದ. ಏರಿತು. ವರ್ಷ ಹಿಡಿಯಿತು, ಅಷ್ಟೇ.

ಆಗ ನನ್ನ ತೂಕ 140 ಕಿಲೋ ಹತ್ತಿರ, ಗಂಡು ಹಾರ್ಮೋನ್ ಟೆಸ್ಟೋಸ್ಟೆರಾನ್ 190ರ (ng/dL) ಆಸುಪಾಸು, ಅಂದರೆ ಕಡಿಮೆ. ಅದಕ್ಕೂ ಮೊದಲು ಎಂಟು ತಿಂಗಳು ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತೆಗೆದುಕೊಂಡಿದ್ದೆ. ನಂಬರ್ ಚೆನ್ನಾಗೇ ಏರಿತ್ತು. ಆದರೆ ಎಲ್‌ಎಚ್ (ಟೆಸ್ಟೋಸ್ಟೆರಾನ್ ತಯಾರಿಸು ಅಂತ ವೃಷಣಕ್ಕೆ ಹೇಳುವ ಹಾರ್ಮೋನ್) ನೆಲಕಚ್ಚಿತು, ವೀರ್ಯಾಣು ಹುಡುಕಿದರೂ ಸಿಗಲಿಲ್ಲ. ನಮಗೆ ಮಗು ಬೇಕಿತ್ತು. ಡಾಕ್ಟರಿಗೆ ಹೇಳಿ ನಿಲ್ಲಿಸಿದೆ.

ಆಪರೇಷನ್ ಖರ್ಚು ಬಿಟ್ಟರೆ ದುಡ್ಡು ಕರಗಿದ್ದು ಟೆಸ್ಟ್‌ಗಳಲ್ಲಿ. ಆಪರೇಷನ್ ಆಗಿ ಮೂರನೇ ವಾರಕ್ಕೇ ಲ್ಯಾಬ್‌ಗೆ ಓಡಿದೆ, ಅದೂ ಮಧ್ಯಾಹ್ನ ಊಟ ಮಾಡಿ. ನಂಬರ್ ಇನ್ನೂ ಕೆಳಗೆ. ಗಾಬರಿಯಲ್ಲಿ ಹದಿನೈದು ದಿನಕ್ಕೊಮ್ಮೆ ರಕ್ತ ಕೊಟ್ಟೆ. ನಾಲ್ಕು ಸಲದ ದುಡ್ಡು ದಂಡ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಮೂರು ತಿಂಗಳಿಗೊಮ್ಮೆ ಕೊಟ್ಟಿದ್ದರೆ ಸಾಕಿತ್ತು.

ನಾಲ್ಕನೇ ತಿಂಗಳು ತಲೆಕೂದಲು ಬಾಚಣಿಗೆ ತುಂಬಾ ಬರತೊಡಗಿತು. ಬಯೋಟಿನ್ ಅನ್ನೋ ವಿಟಮಿನ್ ಮಾತ್ರೆ ಶುರು ಮಾಡಿದೆ. ಮುಂದಿನ ರಿಪೋರ್ಟ್‌ನಲ್ಲಿ ಟೆಸ್ಟೋಸ್ಟೆರಾನ್ 800 ಚಿಲ್ಲರೆ! ಎಲ್‌ಎಚ್ ಮಾತ್ರ ಪಾತಾಳದಲ್ಲಿ. ಮೈಯಲ್ಲಿ ಅದೇ ಹಳೇ ಸುಸ್ತು. ಎರಡೂ ತಾಳೆಯಾಗಲಿಲ್ಲ, ಅಲ್ವಾ? ಬಯೋಟಿನ್ ಕೆಲವು ಲ್ಯಾಬ್ ಟೆಸ್ಟ್‌ಗಳನ್ನೇ ದಾರಿ ತಪ್ಪಿಸುತ್ತದೆ. ಒಂದು ವಾರ ಮಾತ್ರೆ ಬಿಟ್ಟು ಮತ್ತೆ ಕೊಟ್ಟೆ: 310. ನಿಜವಾದ ನಂಬರ್ ಅದೇ.

ಒಟ್ಟು ನಂಬರ್ ನೋಡಿ ಹಿಗ್ಗಬೇಡಿ. ತೂಕ ಇಳಿದಂತೆ ಎಸ್‌ಎಚ್‌ಬಿಜಿ (ರಕ್ತದಲ್ಲಿ ಟೆಸ್ಟೋಸ್ಟೆರಾನ್ ಹಿಡಿದಿಟ್ಟುಕೊಳ್ಳುವ ಪ್ರೋಟೀನ್) ಏರುತ್ತದೆ, ಒಟ್ಟು ಲೆಕ್ಕವನ್ನೂ ಜೊತೆಗೆ ಎತ್ತುತ್ತದೆ. ಫ್ರೀ ಟೆಸ್ಟೋಸ್ಟೆರಾನ್, ಅಂದರೆ ಆ ಹಿಡಿತಕ್ಕೆ ಸಿಗದೆ ಮೈಗೆ ದಕ್ಕುವ ಪಾಲು, ನಿಧಾನವಾಗಿ ಹಿಂದಿನಿಂದ ಏರುತ್ತದೆ. ನನಗೆ ಬೆಳಗಿನ ನಿಮಿರುವಿಕೆ ಮರಳಿದ್ದು ಏಳನೇ ತಿಂಗಳಲ್ಲಿ. ಹೆಣ್ಣು ಹಾರ್ಮೋನ್ ಎಸ್ಟ್ರಡಯಾಲ್ ಇಳಿಯಿತು, ಎದೆಯ ಊತವೂ ಅರ್ಧ ಇಳಿಯಿತು. ತೊಟ್ಟಿನ ಹಿಂದಿನ ಗಟ್ಟಿ ಗಂಟು ಮಾತ್ರ ಹಾಗೇ ಇದೆ.

ನಡುವೆ ಸುಮ್ನೆ ಸತುವಿನ ಮಾತ್ರೆ ದುಪ್ಪಟ್ಟು ನುಂಗಿ ನೋಡಿದೆ. ಹಾರ್ಮೋನ್ ಅಲುಗಲಿಲ್ಲ, ರಕ್ತದಲ್ಲಿ ತಾಮ್ರ ಇಳಿಯಿತು. ಡಾಕ್ಟರ್ ಚೆನ್ನಾಗಿ ಬೈದರು. ಕೆಲಸ ಮಾಡಿದ್ದು ಊಟದಲ್ಲಿ ಮೊದಲು ಪ್ರೋಟೀನ್, ಒಳ್ಳೆ ನಿದ್ದೆ, ವಾರಕ್ಕೆ ಮೂರು ದಿನ ಭಾರ ಎತ್ತಿದ್ದು. ಯಾವ ವಾರ ಎಷ್ಟು ಭಾರ ಅನ್ನೋ ಲೆಕ್ಕ ನಾನೇ ಕಷ್ಟಪಟ್ಟು ಹೊಂದಿಸಿದ್ದು, ಅದು ನನ್ನ ಹತ್ತಿರವೇ ಇರಲಿ.

ವರ್ಷ ತುಂಬಿದಾಗ 96 ಕಿಲೋ, ಟೆಸ್ಟೋಸ್ಟೆರಾನ್ 450ರ ಮೇಲೆ. ಎಲ್‌ಎಚ್ ಕೂಡ ತಲೆಯೆತ್ತಿತ್ತು. ವೀರ್ಯಾಣು ಮಾತ್ರ ಜೊತೆಗೆ ಬರಲಿಲ್ಲ. ತೂಕ ಜೋರಾಗಿ ಇಳಿಯುತ್ತಿದ್ದ ಆರನೇ ತಿಂಗಳಲ್ಲಿ ಎಣಿಕೆ ತೀರಾ ಕಡಿಮೆ ಇತ್ತು, ಆ ರಾತ್ರಿ ಇಬ್ಬರೂ ನಿದ್ದೆ ಮಾಡಲಿಲ್ಲ. ಹದಿನಾಲ್ಕನೇ ತಿಂಗಳಲ್ಲಿ ನಾರ್ಮಲ್ ಗೆರೆ ದಾಟಿತು. ಹೆಂಡತಿ ಆ ರಿಪೋರ್ಟ್ ಎರಡು ಸಲ ಓದಿದಳು. ನಾನು ಫೋಟೋ ತೆಗೆದು ಆ ಗೆಳೆಯನಿಗೆ ಕಳಿಸಿದೆ.