ಹಳೇ ಮನೆ ಕೆಡವುವ ಮುಂಚೆ

ತಿಪಟೂರಿನ ನಮ್ಮ ತಾತನ ಮನೆ ಕೆಡವಲು ಜೆಸಿಬಿಯವನು ಅರ್ಧ ದಿನ ಸಾಕು ಅಂದ. ಬೇಡ ಅಂದೆ, ಮತ್ತೆ ಬಳಸಬಹುದಾದ ಸಾಮಾನೆಲ್ಲ ಪುಡಿಯಾಗುತ್ತದೆ. ನೀವೂ ಹಾಗೇ ಅನ್ನಿ. ಆಳುಗಳನ್ನು ಹಚ್ಚಿ, ಮೇಲಿನಿಂದ ಬಿಚ್ಚಿಸುತ್ತಾ ಬನ್ನಿ: ಹೆಂಚು, ರೀಪು (ಹೆಂಚಿನಡಿಯ ಮರದ ಪಟ್ಟಿ), ತೊಲೆ, ಆಮೇಲೆ ಬಾಗಿಲು, ಕಿಟಕಿ. ಹೆಂಚನ್ನು ಕೈಯಿಂದ ಕೈಗೆ ದಾಟಿಸಿ, ನಿಲ್ಲಿಸಿ ಜೋಡಿಸಿ. ಮಲಗಿಸಿ ಪೇರಿಸಿದರೆ ಕೆಳಗಿನವು ಒಡೆಯುತ್ತವೆ.

ಮಣ್ಣು ಅಥವಾ ಸುಣ್ಣದ ಗಾರೆಯ ಗೋಡೆಯಾದರೆ ಅದೃಷ್ಟ. ಕರಣೆಯಿಂದ ಎರಡೇಟು ತಟ್ಟಿ ನೋಡಿ, ಗಾರೆ ಉದುರಿ ಇಟ್ಟಿಗೆ ಇಡಿಯಾಗಿ ಕೈಗೆ ಬರುತ್ತದೆ. ಸಿಮೆಂಟಿನದಾದರೆ ಇಟ್ಟಿಗೆಯೇ ಮುರಿಯುತ್ತದೆ, ಸುಮ್ನೆ ಗುದ್ದಾಡಬೇಡಿ. ಆ ಚೂರನ್ನು ಹೊಸ ಮನೆಯ ನೆಲದ ಅಡಿಗೆ ತುಂಬಿಸಿ, ನೀರು ಹಾಕಿ ದಮ್ಮಸು ಹೊಡೆಸಿ. ಮರದ ಚೂರು ಮಾತ್ರ ಸೇರಬಾರದು. ಗೆದ್ದಲು ಬರುತ್ತದೆ ಅಲ್ವಾ?

ಕಟ್ಟುವಾಗಲೂ ಅಷ್ಟೆ, ಸಾಮಾನು ಪೋಲಾಗಬಾರದು. ಕಂಬಿ ಸಾಮಾನ್ಯವಾಗಿ 12 ಮೀಟರ್ ಉದ್ದ ಬರುತ್ತದೆ. ಕತ್ತರಿಸುವ ಮುಂಚೆ ಅಳತೆಯೆಲ್ಲ ಚೀಟಿಯಲ್ಲಿ ಬರೆಸಿ, ಉದ್ದದ ತುಂಡು ಮೊದಲು ತೆಗೆಸಿ. ಸಿಮೆಂಟ್ ಗಾರೆ ಅರ್ಧ ಗಂಟೆಗೆ ಆಗುವಷ್ಟೇ ಕಲಸಲಿ. ನಮ್ಮಲ್ಲಿ ಊಟಕ್ಕೆ ಮುಂಚೆ ಕಲಸಿಟ್ಟ ಎರಡು ಬಾಂಡ್ಲಿ ಗಾರೆ ಗಟ್ಟಿಯಾಗಿ ತಿಪ್ಪೆ ಸೇರಿತು.

ತಾತನ ಹೊನ್ನೆ ಬಾಗಿಲು ಹೊಸ ಮನೆಗೆ ಕುಳ್ಳಾಯಿತು. ಈಗ ಅದೇ ನಮ್ಮ ಊಟದ ಮೇಜು.