ಗುಂಡಿನ ಸದ್ದಿಗೇ ಹಾರುತ್ತಿದ್ದ ಕ್ಲೇ: ವೈರ್‌ಲೆಸ್ ವಾಯ್ಸ್ ರಿಲೀಸ್ ಸರಿಹೋದದ್ದು ಹೀಗೆ

ಟ್ರ್ಯಾಪ್ ರೇಂಜ್ ಎಂದರೆ ಮಿಷನ್ ಹಾರಿಸುವ ಗುರಿಬಿಲ್ಲೆಗೆ (ಕ್ಲೇ) ಗುಂಡು ಹೊಡೆಯುವ ಜಾಗ; ಶೂಟರ್ ‘ಪುಲ್’ ಎಂದು ಕೂಗಿದ್ದನ್ನು ಮೈಕ್‌ನಲ್ಲಿ ಕೇಳಿ ವೈರ್‌ಲೆಸ್‌ನಲ್ಲಿ ಕ್ಲೇ ಬಿಡಿಸುವುದು ವಾಯ್ಸ್ ರಿಲೀಸ್. ತೀರ್ಥಹಳ್ಳಿ ಕಡೆಯ ಇಂಥ ರೇಂಜಿನಲ್ಲಿ ಎರಡು ಕಾಟ. ಕೂಗದಿದ್ದರೂ ಕ್ಲೇ ಹಾರುವುದು, ಮಳೆ ಹಿಡಿದರೆ ಗಂಟಲು ಹರಿಯುವಂತೆ ‘ಪುಲ್’ ಎಂದರೂ ಮಿಷನ್ ಮಿಸುಕದಿರುವುದು.

ಕೈ ಹಾಕುವ ಮೊದಲು ಕ್ಲೇ ಎಸೆಯಲು ಸೆಟೆದು ನಿಂತ ಮಿಷನ್ನಿನ ತೋಳನ್ನು ಬಿಡಿಸಿ, ಬ್ಯಾಟರಿ ಕ್ಲಿಪ್ ಕಳಚಿ. ಇದರಲ್ಲಿ ರಾಜಿ ಬೇಡ.

ಮುಖ್ಯ ತಪ್ಪಿತಸ್ಥ ವೋಲ್ಟೇಜ್. ತೋಳು ಸೆಟೆಯುವಾಗ ಮೋಟಾರು ಕರೆಂಟು ಎಳೆದು 12 ವೋಲ್ಟಿನ ಬ್ಯಾಟರಿಯನ್ನು ಕುಗ್ಗಿಸುತ್ತದೆ. ಅದೇ ಬ್ಯಾಟರಿಗೆ ಜೋಡಿಸಿದ, ವೈರ್‌ಲೆಸ್ ಸಿಗ್ನಲ್ ಹಿಡಿಯುವ ರಿಸೀವರ್ ರೀಸೆಟ್ ಆಗಿ, ಎಚ್ಚರವಾಗುವಾಗ ಅದರ ರಿಲೇ (ಕ್ಲೇ ಬಿಡಿಸುವ ವಿದ್ಯುತ್ ಸ್ವಿಚ್) ಒಮ್ಮೆ ‘ಟಕ್’ ಎನ್ನುತ್ತದೆ; ಅಷ್ಟಕ್ಕೇ ಕ್ಲೇ ಹೊರಗೆ. ಮೋಟಾರು ಓಡುವಾಗಲೇ ರಿಸೀವರಿನ ತುದಿಗಳಿಗೆ ಮೀಟರ್ ಹಿಡಿದರೆ ಗೊತ್ತಾಗುತ್ತದೆ, ಸುಮ್ಮನಿದ್ದಾಗ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ರಿಸೀವರಿಗೆ ಪ್ರತ್ಯೇಕ 12 ವೋಲ್ಟ್, 7 ಆಂಪಿಯರ್-ಅವರ್ (ಎಎಚ್) ಬ್ಯಾಟರಿ ಕೊಡಿ. ರಿಲೇ ಕಾಯಿಲ್‌ನ ಎರಡು ತುದಿಗಳ ನಡುವೆ 1ಎನ್4007 ಡಯೋಡ್, ಪಟ್ಟೆ ಇರುವ ತುದಿ ಪ್ಲಸ್ ಕಡೆಗೆ. ರಿಲೇಯ ಕಾಂಟ್ಯಾಕ್ಟ್ ಮಾತ್ರ ಮಿಷನ್ನಿನ ಪೆಡಲ್ (ಕಾಲಿನಿಂದ ಒತ್ತಿ ಕ್ಲೇ ಬಿಡುವ ಸ್ವಿಚ್) ಸಾಕೆಟ್ಟಿಗೆ.

ಗುಂಡಿನ ಸದ್ದಿಗೆ ಮದ್ದು: ಒಂದು ರಿಲೀಸ್ ಆದ ಮೇಲೆ 3 ಸೆಕೆಂಡ್ ಮೈಕ್ ಕಿವುಡಾಗಿರುವಂತೆ ಲಾಕ್ಔಟ್. ಜೀರುಂಡೆಯ ಸದ್ದಿಗೆ ಮೈಕ್ ಮೋಸಹೋಗದಿರಲು ಮೈಕ್ ಸಾಲಿನಲ್ಲಿ 1 ಕಿಲೋಓಮ್ ರೆಸಿಸ್ಟರ್, ಗ್ರೌಂಡಿಗೆ 0.047 ಮೈಕ್ರೋಫ್ಯಾರಡ್ ಕೆಪಾಸಿಟರ್, ಸುಮಾರು 3.4 ಕಿಲೋಹರ್ಟ್ಸ್ ಮೇಲಿನದು ತಗ್ಗುತ್ತದೆ.

ಮಳೆಯದ್ದು ಸುಲಭ. ಮಿಷನ್ ಕೂತ ಕಾಂಕ್ರೀಟ್ ಗುಂಡಿಯೊಳಗೆ ಮಡಚಿಟ್ಟ ರಿಸೀವರಿನ ಆಂಟೆನಾಕ್ಕೆ ಸಿಗ್ನಲ್ ಎಲ್ಲಿಂದ ಬರಬೇಕು? 433 ಮೆಗಾಹರ್ಟ್ಸ್‌ಗೆ 17.3 ಸೆಂ.ಮೀ. ತಂತಿಯನ್ನು ಸೂರಿನ ಮೇಲೆ ನೆಟ್ಟಗೆ ನಿಲ್ಲಿಸಿ. ಕೇಬಲ್ ಪೆಟ್ಟಿಗೆಗೆ ಕೆಳಗಿನಿಂದ ಹೋಗಲಿ. ಮೇಲಿನಿಂದ ಹೋದರೆ ಮಲೆನಾಡಿನ ಮಳೆ ಅದರ ಜೊತೆಯಲ್ಲೇ ಒಳಗಿಳಿಯುತ್ತದೆ.