ಶುಕ್ರವಾರದ ಹಾಡುಗಳು: ಸಿನಿಮಾದಾಚೆಯ ಹೊಸ ಸಂಗೀತವನ್ನು ನಾನು ಹುಡುಕುವ ಬಗೆ

‘ಮಳೆ’ ಎಂಬ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ಹಾಡು ಹುಡುಕಿ ನೋಡಿ. ಎಂ, ಎ, ಎಲ್, ಇ. ಇಂಗ್ಲಿಷಿನಲ್ಲಿ ಅದಕ್ಕೆ ‘ಗಂಡು’ ಎಂದರ್ಥ, ಹಾಗಾಗಿ ನಿಮಗೆ ಬೇಕಾದ ಹಾಡು ಎಲ್ಲೋ ಅಡಿಯಲ್ಲಿ ಹೂತುಹೋಗಿರುತ್ತದೆ. ‘ಕನ್ನಡ ಹೊಸ ಹಾಡು’ ಎಂದು ಹುಡುಕಿದರಂತೂ ಸಿನಿಮಾ ಹಾಡುಗಳ ಸಾಲು ಮುಗಿಯುವುದೇ ಇಲ್ಲ. ನಾಲ್ಕು ಜನ ಸೇರಿ, ತಮ್ಮದೇ ದುಡ್ಡು ಹಾಕಿ, ಗಿಟಾರ್ ಡ್ರಮ್ಸ್ ಇಟ್ಟುಕೊಂಡು ಮಾಡಿದ ಹಾಡು ಸಿಗಬೇಕಾದರೆ ಬೇರೆ ದಾರಿಯನ್ನೇ ಹಿಡಿಯಬೇಕು.

ನನಗೆ ಈ ಹುಚ್ಚು ಹತ್ತಿದ್ದು 2008ರಲ್ಲಿ, ರಘು ದೀಕ್ಷಿತ್ ಅವರ ಮೊದಲ ಆಲ್ಬಮ್ ಬಂದಾಗ. ಶಿಶುನಾಳ ಷರೀಫರ ‘ಸೋರುತಿಹುದು ಮನೆಯ ಮಾಳಿಗಿ’ಯನ್ನು ಚಿಕ್ಕಂದಿನಿಂದ ಕೇಳಿದವನು ನಾನು. ಅದೇ ತತ್ವಪದ ಬ್ಯಾಂಡ್ ಜೊತೆ ಅಷ್ಟು ಹೊಸದಾಗಿ ಕೇಳಿಸಿದ್ದು ನನ್ನನ್ನು ಅಲ್ಲಾಡಿಸಿಬಿಟ್ಟಿತು. ಇಂಥದ್ದು ಇನ್ನೇನಿದೆ ಎಂದು ಹುಡುಕಹೊರಟಾಗ ಅವರ ತಮ್ಮ ವಾಸು ದೀಕ್ಷಿತ್ ಹಾಡುವ ‘ಸ್ವರಾತ್ಮ’ ಬ್ಯಾಂಡ್ ಸಿಕ್ಕಿತು, 2009ರಲ್ಲಿ ಆ ಬ್ಯಾಂಡಿನ ಆಲ್ಬಮ್ಮೂ ಬಂತು. ಆಮೇಲೆ 1996ರಿಂದಲೇ ಬೆಂಗಳೂರಿನಲ್ಲಿ ನುಡಿಸುತ್ತಿದ್ದ ‘ಥರ್ಮಲ್ ಅಂಡ್ ಎ ಕ್ವಾರ್ಟರ್’, ಆಮೇಲೆ ಉರ್ದು, ಕಾಶ್ಮೀರಿಯಲ್ಲಿ ಹಾಡುವ ಬೆಂಗಳೂರಿನದೇ ‘ಪರ್ವಾಜ್’. ಒಂದು ಹೆಸರು ಮುಂದಿನ ಹೆಸರಿನ ಮನೆ ತೋರಿಸುತ್ತಿತ್ತು. ನಾನು ಇವತ್ತಿಗೂ ಹುಡುಕುವುದು ಹೀಗೇ, ಹೆಸರು ಹಿಡಿದು.

ಹಾಡಿನ ಕ್ರೆಡಿಟ್ಸ್, ಅಂದರೆ ಯಾರು ಯಾವ ಕೆಲಸ ಮಾಡಿದರೆಂಬ ಪಟ್ಟಿ, ನೋಡುವ ಅಭ್ಯಾಸ ಬಹಳ ಜನಕ್ಕಿಲ್ಲ. ಹಾಡು ಕೇಳುವ ಆ್ಯಪ್ ಸ್ಪಾಟಿಫೈನಲ್ಲಿ ಹಾಡಿನ ಪಕ್ಕದ ಮೂರು ಚುಕ್ಕೆ ಒತ್ತಿದರೆ ಅದು ಸಿಗುತ್ತದೆ. ಯೂಟ್ಯೂಬಿನಲ್ಲಾದರೆ ವಿಡಿಯೊದ ಕೆಳಗಿನ ವಿವರಣೆಯಲ್ಲಿರುತ್ತದೆ. ನಾನು ಹಾಡುಗಾರರ ಹೆಸರಿಗಿಂತ ಮೊದಲು ಮಿಕ್ಸಿಂಗ್ (ದನಿ, ವಾದ್ಯಗಳನ್ನು ಹದವಾಗಿ ಬೆರೆಸುವ ಕೆಲಸ) ಯಾರದು, ಡ್ರಮ್ಸ್ ಯಾರದು ಎಂದು ನೋಡುತ್ತೇನೆ. ನಮ್ಮೂರಿನ ಇಂಡಿ ಲೋಕ, ಅಂದರೆ ಸ್ವತಂತ್ರವಾಗಿ ಸಂಗೀತ ಮಾಡುವವರ ಲೋಕ, ಚಿಕ್ಕದು. ಒಬ್ಬನೇ ಡ್ರಮ್ಮರ್ ಮೂರು ಬ್ಯಾಂಡಿನಲ್ಲಿರುತ್ತಾನೆ, ಒಬ್ಬರೇ ಸೌಂಡ್ ಎಂಜಿನಿಯರ್ ಹತ್ತು ಹೊಸಬರ ಹಾಡು ಮಿಕ್ಸ್ ಮಾಡಿರುತ್ತಾರೆ. ಅಂಥವರ ಹೆಸರನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು ಇನ್‌ಸ್ಟಾಗ್ರಾಂನಲ್ಲಿ ಫಾಲೋ ಮಾಡುತ್ತೇನೆ. ಹಾಡು ಹೊರಬರುವ ಎಷ್ಟೋ ವಾರ ಮೊದಲೇ ಅವರು ಸ್ಟುಡಿಯೊದಿಂದ ಹದಿನೈದು ಸೆಕೆಂಡಿನ ತುಣುಕು ಹಾಕಿರುತ್ತಾರೆ. ನಮಗೆ ಹಾಡು ಸೂಚಿಸುವ ಯಾವ ಆಲ್ಗರಿದಂಗೂ ಗೊತ್ತಿಲ್ಲದ ಸುದ್ದಿ ಅದು. ನಾನು ಕೇಳಿ ಮೆಚ್ಚಿದ ಹೊಸಬರಲ್ಲಿ ಅರ್ಧಕ್ಕರ್ಧ ಜನ ಸಿಕ್ಕಿದ್ದು ಈ ನೋಟ್‌ಬುಕ್ಕಿನಿಂದ.

2015ರ ಜುಲೈ 10ರಿಂದ ಜಗತ್ತಿನ ಬಹುಪಾಲು ಕಡೆ ಹೊಸ ಆಲ್ಬಮ್‌ಗಳು ಶುಕ್ರವಾರವೇ ಬರುತ್ತವೆ. ಹಾಗಾಗಿ ಶುಕ್ರವಾರ ಬೆಳಿಗ್ಗೆ ಬಸ್ಸಿನಲ್ಲಿ ಕೂತು ಮೊದಲು ತೆರೆಯುವುದು ಸ್ಪಾಟಿಫೈ ನನಗಾಗಿ ಜೋಡಿಸುವ ಹೊಸ ಹಾಡುಗಳ ಪಟ್ಟಿ ‘ರಿಲೀಸ್ ರೇಡಾರ್’. ಇಲ್ಲೊಂದು ಮಾತು: ಹಾಡಿಗೆ ಲೈಕ್ ಒತ್ತಿದರಷ್ಟೇ ಸಾಲದು, ಕಲಾವಿದರ ಪುಟಕ್ಕೆ ಹೋಗಿ ‘ಫಾಲೋ’ ಒತ್ತಬೇಕು. ಕಲಾವಿದರು ಬಿಡುಗಡೆಗೆ ಕನಿಷ್ಠ 7 ದಿನ ಮೊದಲೇ ಹಾಡನ್ನು ಅಲ್ಲಿ ನಮೂದಿಸಿದರೆ, ಫಾಲೋ ಮಾಡಿದವರ ರೇಡಾರಿಗೆ ಅದು ಬರುತ್ತದೆ. ಇಲ್ಲದಿದ್ದರೆ ನಿಮ್ಮಿಷ್ಟದ ಬ್ಯಾಂಡಿನ ಹಾಡು ಬಂದು ಹೋದದ್ದೂ ನಿಮಗೆ ತಿಳಿಯದು.

ಕಲಾವಿದರು ತಮ್ಮ ಹಾಡನ್ನು ತಾವೇ ಮಾರುವ ತಾಣ ಬ್ಯಾಂಡ್‌ಕ್ಯಾಂಪಿನಲ್ಲಿ ಊರಿನ ಹೆಸರಿನ ಟ್ಯಾಗ್ ಹಿಡಿದು ಹೊಸದು ಮೊದಲು ಬರುವಂತೆ ಜೋಡಿಸಿ ನೋಡುತ್ತೇನೆ. ‘ಬ್ಯಾಂಗಲೋರ್’, ‘ಬೆಂಗಳೂರು’ ಎರಡನ್ನೂ ನೋಡಬೇಕು, ಯಾಕೆಂದರೆ ಯಾರು ಯಾವುದನ್ನು ಹಾಕಿರುತ್ತಾರೋ ಹೇಳಲಾಗದು. ಕನ್ನಡ ಹಾಡಿಗಾದರೆ ಕಾಗುಣಿತದ ಕಷ್ಟ ಇನ್ನೂ ಹೆಚ್ಚು. ‘ಹಾಡು’ ಎಂಬುದನ್ನೇ ಒಬ್ಬರು ಒಂದು ‘ಎ’ ಹಾಕಿ ಬರೆದರೆ ಇನ್ನೊಬ್ಬರು ಎರಡು ಹಾಕುತ್ತಾರೆ. ನಾನು ಎರಡೂ ಬಗೆಯಲ್ಲಿ ಹುಡುಕಿ, ಕೊನೆಗೆ ಕನ್ನಡ ಲಿಪಿಯಲ್ಲೂ ಹುಡುಕುತ್ತೇನೆ. ಕನ್ನಡ ಬ್ಯಾಂಡಿನವರಲ್ಲಿ ನನ್ನ ಕೋರಿಕೆ ಒಂದೇ, ದಯವಿಟ್ಟು ಹಾಡಿನ ವಿವರಣೆಯಲ್ಲಾದರೂ ಹೆಸರನ್ನು ಕನ್ನಡದಲ್ಲಿ ಬರೆಯಿರಿ.

ಕಾರ್ಯಕ್ರಮಕ್ಕೆ ಹೋಗುವುದಾದರೆ ಮುಕ್ಕಾಲು ಗಂಟೆ ಮೊದಲೇ ಹೋಗಿ. ದೊಡ್ಡ ಹೆಸರಿನವರಿಗಿಂತ ಮುಂಚೆ ನುಡಿಸುವ ಎಳೆಯರ ಹಾಡು ಎಷ್ಟೋ ಸಲ ಇನ್ನೂ ಬಿಡುಗಡೆಯೇ ಆಗಿರುವುದಿಲ್ಲ.

ಇಷ್ಟವಾದದ್ದನ್ನು ನಾನು ಈಗ ದುಡ್ಡು ಕೊಟ್ಟು ಡೌನ್‌ಲೋಡ್ ಮಾಡಿಟ್ಟುಕೊಳ್ಳುತ್ತೇನೆ. 2024ರಿಂದ ಸ್ಪಾಟಿಫೈನಲ್ಲಿ ಹಾಡೊಂದಕ್ಕೆ 12 ತಿಂಗಳಲ್ಲಿ 1,000 ಕೇಳುವಿಕೆ ಆಗದಿದ್ದರೆ ಅದರಿಂದ ರಾಯಲ್ಟಿ ಬರುವುದಿಲ್ಲ. ಬ್ಯಾಂಡ್‌ಕ್ಯಾಂಪ್ ಡಿಜಿಟಲ್ ಮಾರಾಟದಲ್ಲಿ ಇಟ್ಟುಕೊಳ್ಳುವ ಪಾಲು ಸಾಮಾನ್ಯವಾಗಿ 15 ಶೇಕಡಾ. ಶುಲ್ಕ ಕಳೆದು ಉಳಿದದ್ದು ಹಾಡಿದವರಿಗೇ. ಆದರೆ ನನಗೆ ಈ ಅಭ್ಯಾಸ ಬಂದದ್ದು ಲೆಕ್ಕಾಚಾರದಿಂದಲ್ಲ. ಪ್ರತಿ ಮಳೆಗಾಲದಲ್ಲೂ ಕೇಳುತ್ತಿದ್ದ ಒಂದು ಹಾಡು ಒಂದು ದಿನ ನನ್ನ ಪಟ್ಟಿಯಲ್ಲಿ ಮಂಕಾಗಿ ಕೂತಿತ್ತು, ಒತ್ತಿದರೆ ನುಡಿಯಲೊಲ್ಲದು. ಬ್ಯಾಂಡ್ ಒಡೆದುಹೋಗಿತ್ತು, ಹಾಡನ್ನು ಆ್ಯಪ್‌ಗಳಿಗೆ ತಲುಪಿಸುವ ವಿತರಕರಿಗೆ ಕಟ್ಟುವ ವರ್ಷದ ಶುಲ್ಕವನ್ನು ಯಾರೂ ಕಟ್ಟಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಅದರ ಗಿಟಾರ್ ವಾದಕರ ಹೆಸರಿತ್ತು. ಅವರಿಗೆ ಮೆಸೇಜ್ ಮಾಡಿದೆ. ಮೂರು ದಿನ ಬಿಟ್ಟು, ಹಳೆಯ ಹಾರ್ಡ್‌ಡಿಸ್ಕ್ ಹುಡುಕಿ ಆ ಹಾಡನ್ನು ಕಳಿಸಿಕೊಟ್ಟರು. ಜೊತೆಗೆ ಎಲ್ಲೂ ಬಿಡುಗಡೆಯಾಗದ ಇನ್ನೆರಡು ಹಾಡುಗಳೂ ಇದ್ದವು.